ತೊಂಬತ್ತೆಂಟು

ತೊಂಬತ್ತೆಂಟು, ಅಂದೆ.
ನಾರ್ಮಲ್ಲೇ ಅಲ್ವೇನೇ, ಅಂದಳು ಅಮ್ಮ,
ಮೆಗ್ಗಾನಿನ ನೈಟ್ ಡ್ಯೂಟಿ ಮುಗಿಸಿ ಬಂದು
ಕಾಲು ತೊಳೆಯುತ್ತಿದ್ದವಳು, ಬಚ್ಚಲಿನಿಂದಲೇ.

ಇದು ಸೆಲ್ಸಿಯಸ್ಸಮ್ಮ. ಎಸರಾಗಿದ್ದರೆ
ಇಷ್ಟೊತ್ತಿಗೆ ಅಕ್ಕಿ ಹಾಕಬಹುದಿತ್ತು.

ವಿನೋಬನಗರ, ನೂರಡಿ ರಸ್ತೆಯ ಹಿಂದಿನ ಓಣಿ,
ಎಂಟು ಗಂಟೆಗೇ ಮಾರ್ಚಿಯ ಸೆಕೆ.
ಎರಡು ವರ್ಷ ಮದುವೆಯ ಕರೆಯೋಲೆಗಳಲ್ಲಿ
ಗಣಪತಿ ಕೂರಿಸಿ, ಕಾಗುಣಿತ ತಿದ್ದಿ,
ವಧುವಿನ ಅಪ್ಪ ವರನ ಕಡೆ ಹೋಗದಂತೆ ಕಾದು
ಕೂಡಿಟ್ಟ ದುಡ್ಡು
ಹನ್ನೊಂದು ಡಬ್ಬಿಗಳಾಗಿ ಬಂದಿತ್ತು ಕೊರಿಯರ್‌ನಲ್ಲಿ.
ಒಬ್ಬಳೇ ಜೋಡಿಸಿದೆ.
ಒಂದು ಸ್ಕ್ರೂ ಕಳೆದು ಅರ್ಧ ದಿನ ತಿಂದಿತು,
ಕೊನೆಗೆ ನನ್ನ ಚಪ್ಪಲಿಯಲ್ಲಿ ಚುಚ್ಚಿಕೊಂಡಿತ್ತು.

ಬೆಳಕು ಬಂತು. ಫ್ಯಾನು ತಿರುಗಿತು.
ನಾಲ್ಕು ನಿಮಿಷ. ಪಟ್ಟಂತ ಕಣ್ಣು ಮುಚ್ಚಿತು.

ಮತ್ತೆ ಹಚ್ಚಿದೆ. ಎಪ್ಪತ್ತು, ಎಂಬತ್ತೊಂದು, ತೊಂಬತ್ತು.
ಹಾಲು ಉಕ್ಕುವುದನ್ನು ನೋಡುವ ಹಾಗೆ ನೋಡುತ್ತ ನಿಂತೆ
ಇಳಿಸಲು ಇಕ್ಕಳ ಸಿಗದೆ.

ಪಕ್ಕದ ಬಾಗಿಲು ಬಿಚ್ಚಿ ಟೇಬಲ್ ಫ್ಯಾನ್ ಎದುರಿಟ್ಟೆ.
ಗಾಳಿಯ ದಿಕ್ಕು ತಪ್ಪಿತೇನೋ ಎಂದು
ಊದಿನಕಡ್ಡಿ ಹಚ್ಚಿ ಹಿಡಿದೆ:
ಹೊಗೆ ಮುಂದಿನಿಂದ ಹೊಕ್ಕು ಹಿಂದಿನಿಂದ ಹೊರಟಿತು,
ಸರಿಯಾಗೇ ಇತ್ತು.
ಕಿಟಕಿಯಲ್ಲಿ ಸಾವಂತ್ರಿ ಆಂಟಿ ಇಣುಕಿ
ಹೊಸ ಮಿಷಿನ್ನಿಗೆ ಪೂಜೆಯಾ, ಅಂದರು.
ಹೂಂ ಅಂದೆ.
ಪೇಸ್ಟು ಕಮ್ಮಿಯಾಯಿತೋ ಹೆಚ್ಚಾಯಿತೋ,
ತೊಗರಿ ಕಾಳಿನಷ್ಟು ಎಂದು ಬರೆದಿತ್ತು;
ನಾನು ಹಾಕಿದ್ದು ಯಾವ ಸೀಮೆಯ ತೊಗರಿಯೋ.
ಬಿಚ್ಚಿ ನೋಡಲು ಮಾತ್ರ ಭಯ.
ಅಡಿಯ ಪಿನ್ನೊಂದು ಬಾಗಿದರೆ
ಎಷ್ಟು ಮದುವೆ ಹೋದವೆಂದು ಲೆಕ್ಕ ಹಾಕುತ್ತಿದ್ದೆ.

ಅಮ್ಮ ಬಂದಳು, ಒದ್ದೆ ಕೈ ಸೆರಗಿಗೊರೆಸುತ್ತ.
ಕೇಳಲೂ ಇಲ್ಲ. ಅಂಗೈಯಲ್ಲ, ಕೈಯ ಹಿಂಬದಿಯನ್ನು
ಪ್ರೊಸೆಸರಿನ ಮೇಲಿನ ಲೋಹದ ಗೋಪುರಕ್ಕೆ ಒತ್ತಿದಳು,
ಇಪ್ಪತ್ತಾರು ವರ್ಷ ಹಣೆಗಳಿಗೆ ಒತ್ತಿದ ಹಾಗೆ.

ತಣ್ಣಗಿದೆಯಲ್ಲೇ.
ಒಳಗೆ ಕುದೀತಿದೆ ಅಂತೀಯ, ಮೈ ತಣ್ಣಗಿದೆ.
ಮಕ್ಕಳ ವಾರ್ಡಲ್ಲೂ ಹಿಂಗೇ,
ಕೈಕಾಲು ತಣ್ಣಗಿಟ್ಕೊಂಡು ಏರೋ ಜ್ವರ ನಂಬಬಾರದು.
ಬಿಸಿ ಹೊರಗೆ ಬರ್ತಿಲ್ಲ. ಏನೋ ಅಡ್ಡ ಕೂತಿದೆ ನೋಡು.

ಪ್ಲಗ್ಗು ಕಿತ್ತೆ.
ನಾಲ್ಕು ಸ್ಕ್ರೂ, ಓರೆಕೋರೆಯಾಗಿ, ಅರ್ಧರ್ಧ ಸುತ್ತು.
ಅಮ್ಮ ಟಾರ್ಚು ಹಿಡಿದಳು,
ನರ ಹುಡುಕುವಾಗಿನ ಮೌನ ಅವಳದು.
ಗೋಪುರವನ್ನು ಮೆಲ್ಲಗೆ ತಿರುಚಿ ಎತ್ತಿ
ಮಗುಚಿದರೆ
ತಾಮ್ರದ ಮೇಲೊಂದು ಹಾಳೆ,
ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು,
ಕೆಂಪು ಇಂಗ್ಲಿಷಿನಲ್ಲಿ ಕೂಗುತ್ತಿತ್ತು:
ಬಳಸುವ ಮುನ್ನ ಕಿತ್ತುಹಾಕಿ.

ನಾನು ಅಮ್ಮನ ಮುಖ ನೋಡಲಿಲ್ಲ.
ನೋಡಿದ್ದು ಅವಳ ಹಿಂದಿನ ಮನೆ:
ಕವರಿನೊಳಗೇ ಒತ್ತಿಸಿಕೊಳ್ಳುವ ರಿಮೋಟು,
ಆರು ವರ್ಷದ ಫ್ರಿಜ್ಜಿನ ಹಿಡಿಯಲ್ಲಿ ಇನ್ನೂ ನೀಲಿ ಹಾಳೆ,
ಬೇಸಿಗೆಗೆ ಕಾಲಿಗಂಟುವ ಸೋಫಾ.
ಹೊಸದು ಹೊಸದಾಗೇ ಇರಲೆಂದು
ನಾವು ಯಾವುದನ್ನೂ ಪೂರ್ತಿ ಮುಟ್ಟಿದವರಲ್ಲ.

ನನ್ನನ್ಯಾಕೆ ನೋಡ್ತೀಯ, ಅಂದಳು,
ನಾನು ನೋಡದೆಯೇ.

ಉಗುರಲ್ಲಿ ಮೂಲೆ ಎಬ್ಬಿಸಿ ಎಳೆದೆ.
ಹುಣಸೆ ಹಾಕಿ ಉಜ್ಜಿದ ಚೆಂಬಿನ ಬಣ್ಣ.
ಹಳೆ ಪೇಸ್ಟು ಒರೆಸಿದ್ದು ಅಮ್ಮನೇ,
ಅವಳದೇ ಸ್ಪಿರಿಟ್ಟು, ಅವಳದೇ ಹತ್ತಿ,
ಸೂಜಿಗೆ ಮುಂಚಿನಂತೆ ನಡುವಿನಿಂದ ಹೊರಕ್ಕೆ ಸುತ್ತಿ ಸುತ್ತಿ.
ಮತ್ತೆ ತೊಗರಿ ಕಾಳು. ಮತ್ತೆ ನಾಲ್ಕು ಸ್ಕ್ರೂ.
ಅವಳು ಮಲಗಲು ಹೋದಳು. ನಾನು ಹಚ್ಚಿದೆ.

ಮೂವತ್ತನಾಲ್ಕು. ಮೂವತ್ತಾರು.
ಹದಿನೈದು ನಿಮಿಷ ಉಸಿರು ಬಿಗಿಹಿಡಿದು,
ಮೂವತ್ತೆಂಟು, ಅಂತ ಕೂಗಿದೆ,
ಮೂವತ್ತೆಂಟಕ್ಕೆ ನಿಂತಿದೆ ಅಮ್ಮಾ!

ಒಳಗಿನಿಂದ, ದಿಂಬಿಗೆ ಒತ್ತಿದ ಅರೆನಿದ್ದೆಯ ದನಿ:
ಸೆಲ್ಸಿಯಸ್ಸಾ?
ಹಂಗಾದ್ರೆ ಸಣ್ಣಗೆ ಜ್ವರ.
ಒದ್ದೆ ಬಟ್ಟೆ ಹಾಕೋಕೆ ಹೋಗ್ಬೇಡ ಅಷ್ಟೆ.