ಕೊಟ್ರಬಸಪ್ಪನ ನಂಬರು

ಸಿಮ್ಮು ಹೊಸದು. ಮಂಡಿಪೇಟೆ ಮೂಲೆಯಲ್ಲಿ ಛತ್ರಿಯಡಿ ಕೂತ ಹುಡುಗ
ಹೆಬ್ಬೆಟ್ಟು ಒತ್ತಿಸಿಕೊಂಡು, ಕಣ್ಣು ಮಿಟುಕಿಸಿ ಅಂತ ಫೋಟೋ ತೆಗೆದು
'ಫ್ಯಾನ್ಸಿ ನಂಬರ್ ಅಕ್ಕಾ, ಕೊನೆಗೆ ಎರಡು ಏಳು' ಅಂದ.
ನಂಬರು ಹಳೆಯದು ಅನ್ನಲಿಲ್ಲ.

ಮೊದಲ ಕರೆಗೆ ನಾನಿನ್ನೂ ಆಟೋದಲ್ಲಿದ್ದೆ.
ಕೊಟ್ರಬಸಪ್ನೋರಾ?
ಅಲ್ಲ.
ಅವರ ಮನೆಯೋರಾ?
ಅಲ್ರೀ, ನಾನು ದಿಲ್‌ಶಾದು, ಸೀರೆಗೆ ಕುಚ್ಚು ಕಟ್ಟೋಳು.
ಸರಿ ಮೇಡಂ, ಸ್ಕೂಟರಿನ ಕಂತು ಯಾವಾಗ ಕಟ್ತೀರಿ?

ಕಟ್ಟುವುದೆಂದರೆ ನನಗೆ ಗೊತ್ತಿರುವುದೊಂದೇ:
ಸೆರಗಿನಂಚಲ್ಲಿ ಬಿಟ್ಟ ಎಳೆ ಎಂಟೆಂಟು ಎಣಿಸಿ
ಹೊಸೆದು, ಗಂಟಿಕ್ಕಿ, ಮಣಿ ಪೋಣಿಸುವುದು.
ಐದನೇ ಎಳೆಗೆ ಫೋನು ಬಡಿದುಕೊಂಡರೆ
ಮತ್ತೆ ಒಂದರಿಂದ.

ಮೊಣಕಾಲಿನ ಎಣ್ಣೆಯವರು. ಸೈಟು ಬೇಕೇನ್ರಿ ಅನ್ನುವವರು.
ನಿಮ್ಮ ಪಾಲಿಸಿ ಸತ್ತುಹೋಗಿದೆ, ಬದುಕಿಸಿಕೊಳ್ಳಿ ಅನ್ನುವವರು.
ಹರಿಹರದ ಯಾರೋ, ಬೆಳಗಿನ ಜಾವ ಐದಕ್ಕೆ:
'ದಿಬ್ಬಣ ಹೊಂಟೈತಿ, ಬ್ಯಾಂಡ್‌ಸೆಟ್ಟು ಎಲ್ಲಿ ಸತ್ತೈತೋ ಮಾರಾಯ?'
ಅಂದು ತಿಳಿಯಿತು, ಮನುಷ್ಯ ಕ್ಲಾರಿಯೊನೆಟ್ ಊದುತ್ತಿದ್ದ.

ಕಂಪನಿಗೆ ಫೋನು ಮಾಡಿದೆ. ಕನ್ನಡಕ್ಕೆ ಎರಡು ಒತ್ತಿ.
ಒತ್ತಿದೆ.
ನಿಮ್ಮ ಕರೆ ನಮಗೆ ಅಮೂಲ್ಯ ಎಂದಿತು, ಆಮೇಲೆ ಪಿಟೀಲು.
ಇಪ್ಪತ್ತೆರಡು ನಿಮಿಷದ ಪಿಟೀಲು ಅಂದರೆ
ಹದಿನಾಲ್ಕು ಕುಚ್ಚು.
ಕಡೆಗೊಂದು ಹೆಂಗಸು ಬಂದು, ಪಾಪ, ಹಲೋ ಹಲೋ ಅಂದು
ಕಟ್ಟಾದಳು. ನಾನು ಎಷ್ಟು ಸಂತೋಷಪಟ್ಟೆ, ಒಂದರಿಂದ ಐದರೊಳಗೆ
ಹೇಳಬೇಕಂತೆ.

ಬ್ಯಾಂಕಿನಲ್ಲಿ ನನ್ನ ನಂಬರು ನನ್ನದಲ್ಲ.
'ಈಗಾಗಲೇ ಬೇರೊಬ್ಬರ ಖಾತೆಗೆ ಜೋಡಣೆಯಾಗಿದೆ' ಅನ್ನುತ್ತದೆ ಪರದೆ,
ಸೀರೆ ಅಂಗಡಿಯ ಶೆಟ್ಟರಿಗೆ ನಾನು ಫೋನು ಮಾಡಿದರೆ
ಅವರ ಮೊಬೈಲಿನಲ್ಲಿ 'ಕೊಟ್ರಬಸಪ್ಪ ಬ್ಯಾಂಡ್' ಅಂತ ಬರುತ್ತಂತೆ.
ಮದುವೆ ಯಾರದವ್ವಾ, ಅಂತ ನಗುತ್ತಾರೆ.
ಬಾಕಿ ಕೊಡಿ ಅಂದರೆ ನಗು ನಿಲ್ಲುತ್ತದೆ.

ಒಂದು ಮಧ್ಯಾಹ್ನ ಒಬ್ಬಳ ಕರೆ. ಮಾತಿಲ್ಲ, ಉಸಿರು.
ಬೈಯಲೆಂದೇ ಬಾಯಿ ತೆರೆದಿದ್ದೆ, ಅಷ್ಟರಲ್ಲಿ
'ಯಾರವ್ವ ನೀನು? ನಮ್ಮನೆಯೋರ ಫೋನು
ನಿನ್ನ ಕೈಯಾಗ ಹೆಂಗ ಬಂತು?'

ಭರಮಸಾಗರದ ಹಾಲಮ್ಮ. ಆತ ತೀರಿಕೊಂಡು ವರ್ಷದ ಮೇಲಾಯಿತಂತೆ.
ಸುಮ್ಮನೆ ಹಚ್ಚಿ ನೋಡಿದಳಂತೆ. ರಿಂಗಾಯಿತಂತೆ.
ನಾನು ಛತ್ರಿ ಹುಡುಗನ ಕಥೆ ಹೇಳಿದೆ,
ಹೆಬ್ಬೆಟ್ಟು, ಫೋಟೋ, ಎರಡು ಏಳು,
ಅಲ್ಲಾನ ಮೇಲಾಣೆ ಅಂತಲೂ ಅಂದೆ, ಯಾಕೋ.
ಅವಳು ಬಹಳ ಹೊತ್ತು ಸುಮ್ಮನಿದ್ದು
'ಹಂಗಾರ ಗ್ಯಾಸಿನ ನಂಬರು ನಿನಗ ಬರತೈತೇನು?' ಅಂದಳು.

ಬರುತ್ತಿತ್ತು. ತಿಂಗಳಿಗೋ ಎರಡು ತಿಂಗಳಿಗೋ ನಾಲ್ಕು ಅಂಕಿ,
ಕೆಳಗೆ ದಪ್ಪಕ್ಷರದಲ್ಲಿ: ಯಾರೊಂದಿಗೂ ಹಂಚಿಕೊಳ್ಳಬೇಡಿ.
ನಾನು ಅಳಿಸಿ ಹಾಕುತ್ತಿದ್ದೆ.
ಅಲ್ಲಿ ಸಿಲಿಂಡರಿನವನು ಹೊಸ್ತಿಲ ಮುಂದೆ ನಿಂತು
ನಂಬರು ಹೇಳಮ್ಮ ಅಂತ ಗದರಿ, ತುಂಬಿದ್ದನ್ನು
ಹೊತ್ತುಕೊಂಡು ವಾಪಸು ಹೋಗುತ್ತಿದ್ದನಂತೆ.

ಈಗ ಹಂಚಿಕೊಳ್ಳುತ್ತೇನೆ.
ಗಾಡಿ ಬಂದಾಗ ಅವಳೇ ಫೋನು ಹಚ್ಚುತ್ತಾಳೆ.
ಆರು. ಸೊನ್ನೆ. ಮೂರು. ಮೂರು.
ಹಿಂದೆ ಸಿಲಿಂಡರು ನೆಲಕ್ಕೆ ಕುಕ್ಕಿದ ಸದ್ದು.
'ಇಟ್ಟನವ್ವ' ಅಂತಾಳೆ, ಅಷ್ಟೇ.
ಒಮ್ಮೆ ಮಾತ್ರ, ಕಾಲ ಚೆನ್ನಾಗಿದ್ದಾಗ
ಆತ ರಾತ್ರಿ ಹನ್ನೆರಡಕ್ಕೆ ಬಂದು ಉಪ್ಪಿಟ್ಟು ಕೇಳುತ್ತಿದ್ದುದನ್ನು ಹೇಳಿ
ಕರೆನ್ಸಿ ಮುಗಿಯಿತೆಂದು ಇಟ್ಟುಬಿಟ್ಟಳು.

ನಂಬರು ಬದಲಿಸಿಕೋ ಅಂತ ಮಗಳು ದಿನಾ ಜಗಳ.
ಬದಲಿಸಬೇಕು. ಬ್ಯಾಂಕಿನದು ಹಾಗೇ ಇದೆ.
ಸ್ಕೂಟರಿನವನಿಗೆ ನಾನು ಸತ್ತೆ ಅಂತ ಹೇಳಿಯಾಯಿತು,
ಮರಣಪತ್ರ ವಾಟ್ಸಪ್ ಮಾಡಿ ಅಂದ.

ಕ್ಲಾರಿಯೊನೆಟ್ಟು ಈಗ ತಮ್ಮ ಊದುತ್ತಾನಂತೆ, ಅಷ್ಟು ಚಂದ ಅಲ್ಲ,
ಅವನ ನಂಬರನ್ನು ಹಾಲಮ್ಮ ಒಂದೊಂದೇ ಅಂಕಿ ಹೇಳಿ ಬರೆಸಿದಳು.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿದೆ,
ಕುಚ್ಚಿನ ಲೆಕ್ಕದ ಪಕ್ಕದಲ್ಲಿ.

ಇವತ್ತು ಮಲೇಬೆನ್ನೂರಿನಿಂದ ಯಾರೋ.
ಎಂಟರಲ್ಲಿ ಆರು ಎಳೆ ಬೆರಳಲ್ಲಿತ್ತು.
ಕೊಟ್ರಬಸಪ್ನೋರಾ?
ಎಳೆ ಹಲ್ಲಿಗೆ ಕಚ್ಚಿಕೊಂಡು,
ಸುಣ್ಣದ ಕಡ್ಡಿ ಹುಡುಕುತ್ತ,
ಹೇಳ್ರಿ, ಅಂದೆ.