ಎರಡನೇ ಪಾಳಿ

ಮುನ್ನೂರು ಪ್ರತಿ ಅಚ್ಚಾಯಿತು. ನಲವತ್ತೊಂದು ಹೋಯಿತು.
ಉಳಿದವು ಗೆರಾರ್ಡನ ಪಾರಿವಾಳದ ಗೂಡಿನಲ್ಲಿ,
ಜೋಳದ ಚೀಲದ ಪಕ್ಕ, ಡಬ್ಬಕ್ಕೆ ಇಪ್ಪತ್ತೈದರಂತೆ.
ಒಂದು ಡಬ್ಬದ ಮೇಲೆ ಬೂದು ಹೆಣ್ಣುಹಕ್ಕಿ ಕಾವಿಗೆ ಕೂತಿದೆ.
ಅದನ್ನು ಎಬ್ಬಿಸಬೇಡ ಎನ್ನುತ್ತಾನೆ,
ಗಿರಾಕಿ ಬಂದರೆ ಬೇರೆ ಡಬ್ಬ ಒಡೆಯೋಣ.
ಗಿರಾಕಿ ಬಂದರೆ.

ಎಲೆಮರೆಯ ಕಾಯಿ ಅಂತಾರಲ್ಲ,
ಬಿತೊಮಿನ ಈ ಓಣಿಯಲ್ಲಿ ಎಲೆಯೇ ಕಮ್ಮಿ.
ಇರುವುದು ಇಟ್ಟಿಗೆ, ಇಟ್ಟಿಗೆಯ ಮೇಲೆ ಕಲ್ಲಿದ್ದಲ ಮಸಿ,
ಮುಚ್ಚಿದ ಗಣಿಯ ಸ್ನಾನದ ಮನೆ.
ಅಲ್ಲೇ ನಾವು ಹನ್ನೊಂದು ರಾತ್ರಿ ರೆಕಾರ್ಡು ಮಾಡಿದ್ದು.
ಗಣಿಯಾಳುಗಳ ಅಂಗಿ ಮೇಲಕ್ಕೆಳೆದು ನೇತುಹಾಕುತ್ತಿದ್ದ ಸರಪಳಿಗಳು
ಚಾವಣಿಯಿಂದ ಇನ್ನೂ ಇಳಿಬಿದ್ದಿದ್ದವು;
ಝೆನೆಕ್ ದೊಡ್ಡ ಡ್ರಮ್ಮು ತುಳಿದಾಗಲೆಲ್ಲ
ಅವೂ ಜಣಜಣ ಎಂದವು.
ಮೊದಲ ರಾತ್ರಿ ಏಣಿ ಹತ್ತಿ ಬಟ್ಟೆ ಸುತ್ತಿದೆ.
ಎರಡನೇ ರಾತ್ರಿ ಬಿಚ್ಚಿದೆ.

ಸೋಪು ಹಂಚುತ್ತಿದ್ದ ಗಾಜಿನ ಗೂಡು ನನ್ನದು.
ಲಕೋಟೆಯ ಹಿಂದೆ ಸಣ್ಣ ಅಕ್ಷರದಲ್ಲಿ: ಧ್ವನಿ, ಉರ್ಷುಲಾ.
ಕೆಂಪು ಗುಂಡಿ ಒತ್ತಿದವಳು.

ಮೂವತ್ತೈದು ವರ್ಷ ಬೇರೆಯವರ ಹಾಡಿಗೆ ನುಡಿಸಿದವರು ಇವರು,
ಮದುವೆ ಮನೆ, ಹಡಗಿನ ಅಟ್ಟ, ಟೀವಿಯ ಹೊಸವರ್ಷ;
ಮುಂದೆ ನಿಂತವನಿಗೆ ಹೂಗುಚ್ಛ, ಹಿಂದೆ ಕೂತವರಿಗೆ ಕವರು,
ಕೆಲವೊಮ್ಮೆ ಕವರಿನೊಳಗೆ ಏನೂ ಇಲ್ಲ.
ಪಳಗಿದ ಕೈಗಳು ಎಂದೆ, ಹೊಗಳಿಕೆ ಅಂದುಕೊಂಡು.
ಎರ್ವಿನ್ ಆಂಪಿನ ತಿರುಪನ್ನು ಕೊನೆಯವರೆಗೆ ತಿರುಗಿಸಿದ:
ಪಳಗುವುದು ಸರ್ಕಸ್ಸಿನ ಕರಡಿ.
ಇವತ್ತು ಕಚ್ಚಬೇಕು.

ಅವನ ಎಡಗೈಯ ಉಂಗುರದ ಬೆರಳು ಮಡಚುವುದಿಲ್ಲ.
ವ್ಯಾನಿನ ಬಾಗಿಲು, ಎಂಬತ್ತೇಳರ ಚಳಿಗಾಲ.
ನಾಲ್ಕನೇ ಹಾಡಿನ ಒಂಟಿ ಗಿಟಾರು ಕೇಳಿ,
ಹತ್ತುತ್ತ ಹತ್ತುತ್ತ ಒಂದು ಮೆಟ್ಟಿಲು ಬಿಟ್ಟು
ಆಚೆ ಕಾಲಿಡುತ್ತದೆ.
ವೇಗದ ಹುಡುಗರು ಆ ಮೆಟ್ಟಿಲನ್ನೂ ತುಳಿಯುತ್ತಾರೆ,
ಏಣಿ ಅಂದರೆ ಅವರಿಗೆ ಏಣಿ.
ಇವನದು ಕತ್ತಲಲ್ಲಿ ಸ್ವಂತ ಮನೆಯ ಮಹಡಿ ಇಳಿದ ಹಾಗೆ,
ಮುರಿದದ್ದು ಯಾವುದೆಂದು ಕಾಲಿಗೇ ಗೊತ್ತು.

ಬೋಝೆನಾ ಆಸ್ಪತ್ರೆಯ ಅಡುಗೆಮನೆ ಮುಗಿಸಿ
ಬೀಟ್‌ರೂಟಿನ ಕೆಂಪು ಉಗುರಲ್ಲೇ ಬರುತ್ತಿದ್ದಳು.
ಅರವತ್ತೊಂದು. ಕಟ್ಟಿಸಿದ ಹಲ್ಲು ಕಳಚಿ ಚಹಾ ಲೋಟದಲ್ಲಿಟ್ಟು
ಒಂದು ಕೂಗು ಹಾಕಿದಳು ನೋಡಿ,
ಅಳತೆಯ ಮುಳ್ಳು ಅಂಚಿಗೆ ಬಡಿದು ಅಲ್ಲೇ ನಡುಗಿತು.
ಸಕಾರಗಳೆಲ್ಲ ಸೋರಿದವು.
ಇನ್ನೊಮ್ಮೆ ಮಾಡೋಣ ಅನ್ನಲು ಬಾಯಿ ತೆರೆದೆ,
ಮುಚ್ಚಿದೆ.

ಗೆರಾರ್ಡ್ ಹಗಲೆಲ್ಲ ಟ್ರಾಮು ಓಡಿಸುವವನು.
ಆರನೇ ಹಾಡಿನ ಮೌನದಲ್ಲಿ ಹೊರಗೆ ಕೊನೆಯ ಟ್ರಾಮು ಗಂಟೆ ಬಾರಿಸಿತು.
ಅವನು ಬೇಸಿನ ತಂತಿ ಬಿಡದೆ, ಗಡಿಯಾರ ನೋಡಿ,
ನಾಲ್ಕು ನಿಮಿಷ ತಡ ಎಂದು ಗೊಣಗಿದ.
ಅದೂ ಇದೆ ಅದರಲ್ಲಿ.

ವಿಮರ್ಶೆ ಒಂದೇ ಬಂತು, ಆರು ಸಾಲು,
ಅದರಲ್ಲೂ ಬ್ಯಾಂಡಿನ ಹೆಸರು ತಪ್ಪು.
ಝೆನೆಕ್ ಕತ್ತರಿಸಿ ಪಾಕೀಟಿನಲ್ಲಿಟ್ಟುಕೊಂಡ.
ಕಳೆದ ಭಾನುವಾರ ಹಳೆಸಾಮಾನಿನ ಸಂತೆಯಲ್ಲಿ ಒಬ್ಬ
ಐದು ಝ್ವೊತಿ ಕೊಟ್ಟು ಒಂದು ಪ್ರತಿ ಕೊಂಡ,
ಮೇಲಿನ ಪ್ಲಾಸ್ಟಿಕ್ ಹೊದಿಕೆಗಾಗಿ. ತಟ್ಟೆ ನೀವೇ ಇಟ್ಟುಕೊಳ್ಳಿ ಎಂದ.
ಎರಡು ಝ್ವೊತಿ ವಾಪಸು ಕೊಡ್ತೀನಿ, ತಟ್ಟೆಯನ್ನೂ ಒಯ್ಯಿ ಎಂದ ಗೆರಾರ್ಡ್.
ಅಂಥ ಚೌಕಾಸಿ ನಾನು ಕಂಡಿರಲಿಲ್ಲ.

ಅವನು ಅದನ್ನು ಹಾಕಿದ್ದರೆ,
ಎರಡನೇ ಬದಿ ಮುಗಿದ ಮೇಲೂ ಮುಳ್ಳು ಎತ್ತದಿದ್ದರೆ
ಕೇಳಿಸಿರುತ್ತದೆ: ಸರಪಳಿ ಒಂದೊಂದಾಗಿ ಸುಮ್ಮನಾಗುವುದು,
ಕುರ್ಚಿಯ ಕಿರ್ರು, ಯಾರದೋ ಮೊಣಕಾಲಿನ ಲಟಕು,
ಆಮೇಲೆ ಝೆನೆಕ್, ಕಿವಿ ಮಂದವಾದವರ ಜೋರು ದನಿ:
ಬಂತಾ?

ಕತ್ತರಿಸಬಹುದಿತ್ತು. ಬಿಟ್ಟೆ.
ಗಾಜಿನ ಈಚೆ ನಾನು ತಲೆಯಾಡಿಸಿದ್ದೆ,
ಬಂತು, ಬಂತು ಅಂತ, ಕತ್ತು ನೋಯುವಷ್ಟು.
ಅದು ರೆಕಾರ್ಡಿನಲ್ಲಿಲ್ಲ.