ಎರಡನೇ ನಳ

ಪುಟ ಎಂಬತ್ತೇಳು, ಲೆಕ್ಕ ನಾಲ್ಕು:
ಒಂದು ನಳ ತೊಟ್ಟಿಯನ್ನು ಆರು ತಾಸಿನಲ್ಲಿ ತುಂಬುತ್ತದೆ,
ಇನ್ನೊಂದು ಹತ್ತು ತಾಸಿನಲ್ಲಿ ಬರಿದು ಮಾಡುತ್ತದೆ.
ಎರಡನ್ನೂ ತೆರೆದರೆ ತುಂಬಲು ಎಷ್ಟು ತಾಸು?

ಹದಿನೈದು.
ವಾಸ್ಕೋದ ಈ ಕೆಂಪು ಗುಡ್ಡದ ಕನ್ನಡ ಶಾಲೆಯಲ್ಲಿ
ಹತ್ತೊಂಬತ್ತು ವರ್ಷ ಹದಿನೈದು ಎಂದವನು ನಾನು.
ಕೇಳಿದರೆ ಗೋಡೆಯೂ ಹೇಳೀತು.

ಹಿಂದಿನ ಬೆಂಚಿನಿಂದ ಹುಲಿಗೆವ್ವ ಎದ್ದಳು.
"ಸರ, ಆ ಎರಡನೇ ನಳ ಯಾರ ತಗದಿಟ್ಟಾರ್ರೀ?"

ಎಲ್ಲರೂ ನಕ್ಕರು. ನಾನೂ.
ಅವಳು ನಗಲಿಲ್ಲ.
ನಸುಕಿನ ನಾಲ್ಕಕ್ಕೆ ಸಾಲಿನಲ್ಲಿ ಕೊಡವಿಟ್ಟು
ಅರ್ಧ ತುಂಬಿದ್ದನ್ನೇ ಹೊತ್ತು ಗುಡ್ಡ ಹತ್ತಿದವಳು.
ಕಿಟಕಿಯಾಚೆ ನಮ್ಮದೇ ತೊಟ್ಟಿ
ತೊಟಕ್, ತೊಟಕ್.
ಅದನ್ನು ನಾನು ಇಷ್ಟು ವರ್ಷ
ಗಡಿಯಾರವೆಂದುಕೊಂಡಿದ್ದೆ.

ಮರುದಿನ ಪಾಠ ಅಂಗಳಕ್ಕಿಳಿಯಿತು;
ಇಳಿಸಿದವನು ನಾನಲ್ಲ.
ಫಕೀರಪ್ಪ ಎಣ್ಣೆಡಬ್ಬಿ ಇಟ್ಟು ಹನಿ ಎಣಿಸಿದ,
ಮಾಬೂಬಿ ಇದ್ದಿಲಲ್ಲಿ ಗೆರೆ ಎಳೆದಳು.
ದಿನಕ್ಕೆ ಹನ್ನೊಂದು ಕೊಡ.
ಹನ್ನೊಂದು ಕೊಡ ಎಂದರೆ
ಯಾರ ನಡು, ಎಷ್ಟು ಮೆಟ್ಟಿಲು, ಯಾವ ತಂಗಿಯ ಗೈರುಹಾಜರಿ,
ಎಲ್ಲ ಬರೆದರು. ಅಂಥ ಅಳತೆಗೆ ನನ್ನ ಪುಸ್ತಕದಲ್ಲಿ ಕೋಷ್ಟಕವಿಲ್ಲ.

ಪಾವ್ ತರುವ ಇನಾಸನಿಂದ ಕೊಂಕಣಿಯಲ್ಲಿ ಅರ್ಜಿ ಬರೆಸಿದರು.
ಫಾಲ್ಯಾಂ, ಎಂದಿತು ಕಚೇರಿ.
ಮೂರು ನಾಳೆಗಳು ಕಳೆದ ಮೇಲೆ
ಹುಲಿಗೆವ್ವನ ಪಾಟಿಚೀಲದಿಂದ ಅಪ್ಪನ ಪಾನಾ ಹೊರಬಂತು.

ಹರಿದ ಹವಾಯಿ ಚಪ್ಪಲಿ ಕೊರೆದು ವಾಷರ್ ಮಾಡಿದಳು.
ಒಂದು ದಪ್ಪವಾಯಿತು. ಇನ್ನೊಂದು ಸೀಳಿತು.
ಮೂರನೆಯದಕ್ಕೆ ನನ್ನ ಕಾಲು ನೋಡಿದಳು.
ಬಿಚ್ಚಿಕೊಟ್ಟೆ.
"ಸರ, ಬ್ಯಾಟರಿ ನೆಟ್ಟಗ ಹಿಡೀರಿ, ನನ್ ಮಾರಿ ಮ್ಯಾಗಲ್ಲ."
ತೊಟ್ಟಿಯ ಕೆಳಗಿನ ಕತ್ತಲಿಗೆ
ಒಂಟಿ ಚಪ್ಪಲಿಯಲ್ಲಿ ನಿಂತು ಬೆಳಕು ಹಿಡಿದೆ.
ಆ ತಾಸಿನಲ್ಲಿ ನನಗಿದ್ದ ಕೆಲಸ ಅದೊಂದೇ.

ನಿಂತಿತೇ? ಪೂರ್ತಿ ಇಲ್ಲ.
ಈಗ ಎರಡು ದಿನಕ್ಕೊಂದು ಕೊಡ.
"ವಾಷರ್ ಅಲ್ರೀ, ತಿರುಪಾ ಸವದೈತಿ" ಎಂದು
ಮುಂದಿನ ವಾರಕ್ಕೆ ಅವರೇ ಕೆಲಸ ಹಚ್ಚಿಕೊಂಡಿದ್ದಾರೆ.

ಪರೀಕ್ಷೆಗೆ ಅದೇ ಲೆಕ್ಕ ಬಂತು.
ಅವಳ ಹಾಳೆಯಲ್ಲಿ: ಹದಿನೈದು ತಾಸು.
ಕೆಳಗೆ, ಸಣ್ಣಕ್ಷರದಲ್ಲಿ:
ಎರಡನೇದ್ದು ಬಂದ್ ಮಾಡಿದರ ಆರ.
ಬಂದ್ ಮಾಡಾಕ ಬರತೈತಿ.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ,
ಹಾಕಿದೆ,
ಮತ್ತೆ ತೆಗೆದೆ.